ಅಮೆರಿಕಾದ ಸಂಸ್ಥಾನಗಳ ವರಮಾನ ತೆರಿಗೆಯೂ ಅಲ್ಲಿಯ ಬೇಸಾಯಗಾರನೂ

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ವರಮಾನ ತೆರಿಗೆಯನ್ನು ವಿಧಿಸುವ ಅಧಿಕಾರವು ಒಂದೇ ಸರ್ಕಾರಕ್ಕೆ ಸೇರಿದುದಲ್ಲ. 1913ನೆಯ ಇಸವಿಯಲ್ಲಿ ಅಲ್ಲಿಯ ರಾಜ್ಯಾಂಗಕ್ಕೆ ಸೇರಿಸಲ್ಪಟ್ಟ ಹದಿನಾರನೆಯ ತಿದ್ದುಪಡಿಯ ಮೇರೆಗೆ ಕೇಂದ್ರ ಸರ್ಕಾರದವರು ಒಂದು ತೆರಿಗೆಯನ್ನು ತೆಗೆದುಕೊಳ್ಳುತ್ತಾರೆ. ಐವತ್ತು ಸಂಸ್ಥಾನಗಳ ಪೈಕಿ ಬಹುಪಾಲಿನವರು ತಮ್ಮ ತಮ್ಮ ಶಾಸನಸಭೆಗಳು ಗೊತ್ತುಮಾಡಿದ ದರದಲ್ಲಿ ಅದೇ ವರಮಾನದ ಮೇಲೆ ಮತ್ತೊಂದು ತೆರಿಗೆಯನ್ನು ಎತ್ತುತ್ತಾರೆ. ಈ ಎರಡನೆಯ ತೆರಿಗೆಯ ದರವು ಒಂದು ಸಂಸ್ಥಾನದಲ್ಲಿದ್ದಂತೆ ನೆರೆಯ ಸಂಸ್ಥಾನದಲ್ಲಿಲ್ಲ. ಆದಕಾರಣ ಈ ದರಗಳನ್ನು ಸಾಲಾಗಿ ಬರೆದು ಎಲ್ಲಿ ಹೆಚ್ಚು, ಎಲ್ಲಿ ಕಡಮೆ ಎಂದು ತೋರಿಸುವ ಪಟ್ಟಿಗಳು ಅಲ್ಲಿ ವರ್ಷಂಪ್ರತಿ ಪ್ರಕಟವಾಗುತ್ತವೆ; ಜನರು ಅವನ್ನು ನೋಡಿ ಮನೆಮಾರುಗಳನ್ನು ಬದಲಾಯಿಸುವುದೂ ಉಂಟು.

ಭಾರತದ ವಾಚಕರಿಗೆ ಈ ಏರ್ಪಾಡು ಹೊಸದಾಗಿ ಕಾಣಬಹುದು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಂತೆ ಸಾಮಾನ್ಯ ವರಮಾನದ ಮೇಲಿನ ತೆರಿಗೆಯು ಕೇಂದ್ರಕ್ಕೆ ಸೇರಿದ್ದು. ವ್ಯವಸಾಯದ ವರಮಾನದ ಮೇಲಿನ ತೆರಿಗೆ ಮಾತ್ರ ರಾಜ್ಯಗಳಿಗೆ ಸೇರಿದ್ದು. 1938ರಲ್ಲಿ ಬಿಹಾರವೂ 1957ರಲ್ಲಿ ಮೈಸೂರೂ ಅಂತಹ ಕಾಯಿದೆಗಳನ್ನು ಮಾಡಿದುವು. ಅಮೆರಿಕಾದಲ್ಲಿ ಈ ವಿಭಾಗವೇ ಇಲ್ಲ. ಬೇಸಾಯಗಾರನು ಗೋದಿಯನ್ನು ಮಾರಿ ಪಡೆದ ಲಾಭವೂ ಅಂಗಡಿಯವನು ಜವಳಿಯನ್ನು ಮಾರಿ ಪಡೆದ ಲಾಭವೂ ಕೇಂದ್ರದ ದೃಷ್ಟಿಯಲ್ಲಿ ಒಂದೇ; ಸಂಸ್ಥಾನದ ದೃಷ್ಟಿಯಲ್ಲಿಯೂ ಸಾಮಾನ್ಯವಾಗಿ ಒಂದೇ. ಆದುದರಿಂದ ತನ್ನ ಸಂಸ್ಥಾನದ ದರವೆಷ್ಟೆಂಬುದು ಅಲ್ಲಿಯ ರೈತನಿಗೆ ಹೊಟ್ಟೆಯ ಪ್ರಶ್ನೆಯಾಗಿರುತ್ತದೆ. ಆದರೆ ಪಟ್ಟಿಯಲ್ಲಿ ಕಾಣುವ ದರವು ಅವನು ಕೊಡುವ ಹಣವನ್ನು ಸರಿಯಾಗಿ ತಿಳಿಸುವುದು ಬಹಳ ಅಪರೂಪ.

ಮೊದಲು ಪಟ್ಟಿಯನ್ನೇ ನೋಡೋಣ. 2025ನೆಯ ವರ್ಷದಲ್ಲಿ ಅಲಾಸ್ಕಾ, ಫ್ಲಾರಿಡಾ, ನೆವಾಡಾ, ನ್ಯೂ ಹ್ಯಾಂಪ್‌ಷೈರ್, ದಕ್ಷಿಣ ಡಕೋಟಾ, ಟೆನೆಸೀ, ಟೆಕ್ಸಾಸ್, ವಾಷಿಂಗ್ಟನ್, ವಯೋಮಿಂಗ್ ಎಂಬ ಒಂಬತ್ತು ಸಂಸ್ಥಾನಗಳಲ್ಲಿ ಸಂಬಳದ ಮೇಲಾಗಲಿ ಬೇಸಾಯದ ಲಾಭದ ಮೇಲಾಗಲಿ ಸಂಸ್ಥಾನದ ವರಮಾನ ತೆರಿಗೆ ಇರಲಿಲ್ಲ. ಆ ವರ್ಷ ಅರಿಜೋನಾದಲ್ಲಿ ಎಲ್ಲರಿಗೂ ಶೇಕಡ 2.5, ಪೆನ್ಸಿಲ್ವೇನಿಯಾದಲ್ಲಿ ಶೇಕಡ 3.07; ಅಯೋವಾದಲ್ಲಿ ಶೇಕಡ 3.8, ಇಲಿನಾಯ್‌ನಲ್ಲಿ ಶೇಕಡ 4.95. ಇವೆಲ್ಲವೂ ಬಡವನಿಗೂ ಧನಿಕನಿಗೂ ಒಂದೇ ದರವನ್ನಿಟ್ಟಿರುವ ಸಂಸ್ಥಾನಗಳು. ಇನ್ನು ವರಮಾನವು ಹೆಚ್ಚಿದಂತೆಲ್ಲಾ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುವ ಸಂಸ್ಥಾನಗಳಲ್ಲಿ ಮೇಲಿನ ಮೆಟ್ಟಿಲು ವಿಸ್ಕಾನ್ಸಿನ್ನಿನಲ್ಲಿ ಶೇಕಡ 7.65, ಮಿನಸೋಟಾದಲ್ಲಿ 9.85, ನ್ಯೂಯಾರ್ಕಿನಲ್ಲಿ 10.9, ಹವಾಯಿಯಲ್ಲಿ 11. ಕ್ಯಾಲಿಫೋರ್ನಿಯಾದಲ್ಲಿ, ಹತ್ತು ಲಕ್ಷ ಡಾಲರಿಗೆ ಮೀರಿದ ವರಮಾನದ ಮೇಲೆ ಮಾನಸಿಕ ರೋಗಗಳ ಚಿಕಿತ್ಸೆಗಾಗಿ ಎತ್ತುವ ಶೇಕಡ 1 ಸೇರಿ, 13.3.

ಈ ಕಡೆಯ ಅಂಕಿಯು ಪತ್ರಿಕೆಗಳಲ್ಲಿ ಬಹಳವಾಗಿ ಓಡಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆಲಸಿರುವ ಕನ್ನಡಿಗರೂ ಟೆಕ್ಸಾಸಿನಲ್ಲಿರುವ ತಮ್ಮ ಬಂಧುಗಳೊಡನೆ ಮಾತನಾಡುವಾಗ ಇದನ್ನೇ ಎತ್ತಿ ಹೇಳುವುದುಂಟು. ಆದರೆ ಏರುವ ದರವೆಂದರೆ ಕಡೆಯ ಮೆಟ್ಟಿಲಿನ ದರವು ಇಡೀ ವರಮಾನಕ್ಕೆ ಅನ್ವಯಿಸುವುದೆಂದಲ್ಲ. ಆಯಾ ಮೆಟ್ಟಿಲಿಗೆ ಸೇರಿದ ಭಾಗಕ್ಕೆ ಮಾತ್ರವೇ ಆಯಾ ದರ. 2024ನೆಯ ವರ್ಷದ ಲೆಕ್ಕದಂತೆ ಕ್ಯಾಲಿಫೋರ್ನಿಯಾದಲ್ಲಿ ಒಂಟಿಯಾಗಿ ಲೆಕ್ಕ ಒಪ್ಪಿಸುವವನ ಮೊದಲಿನ 10,756 ಡಾಲರಿಗೆ ಶೇಕಡ 1. ಅಲ್ಲಿಂದ 25,499ರ ವರೆಗೆ ಶೇಕಡ 2. 40,245ರ ವರೆಗೆ 4. 55,866ರ ವರೆಗೆ 6. 70,606ರ ವರೆಗೆ 8. ಅದರ ಮೇಲೆ 3,60,659ರ ವರೆಗೆ 9.3.

ವಜಾಗಳೆಲ್ಲ ಕಳೆದು ತೆರಿಗೆಗೆ ಒಳಪಡುವ ವರಮಾನವು 50,000 ಡಾಲರುಗಳಿರುವ ಒಬ್ಬ ಸಣ್ಣ ಬೇಸಾಯಗಾರನನ್ನು ಇಟ್ಟುಕೊಳ್ಳಬಹುದು. ಮೇಲಣ ಮೆಟ್ಟಿಲುಗಳಂತೆ ಗುಣಿಸಿ ಕೂಡಿದರೆ ಅವನು ಕ್ಯಾಲಿಫೋರ್ನಿಯಾದಲ್ಲಿ ಕೊಡಬೇಕಾದುದು ಸುಮಾರು 1,578 ಡಾಲರು. ಅಷ್ಟೇ ವರಮಾನಕ್ಕೆ ಪೆನ್ಸಿಲ್ವೇನಿಯಾದಲ್ಲಿ 1,535, ಇಲಿನಾಯ್‌ನಲ್ಲಿ 2,475. ಎಂದರೆ, ದೇಶದಲ್ಲೆಲ್ಲಾ ಅತ್ಯಧಿಕವೆಂದು ಹೆಸರಾದ ಸಂಸ್ಥಾನವು ಈ ಮನುಷ್ಯನಿಂದ ಕಡಮೆಯೆಂದು ಹೆಸರಾದ ಸಂಸ್ಥಾನದಷ್ಟೇ ತೆಗೆದುಕೊಳ್ಳುತ್ತದೆ. ನಡುವಣದೆಂದು ಕಾಣುವ ಇಲಿನಾಯ್ ಅವನಿಂದ ಒಂಬೈನೂರು ಡಾಲರುಗಳಷ್ಟು ಹೆಚ್ಚಾಗಿ ತೆಗೆದುಕೊಳ್ಳುತ್ತದೆ. ವರಮಾನವು ಒಂದು ಲಕ್ಷ ಡಾಲರಾದರೆ ಲೆಕ್ಕವು ತಿರುಗುತ್ತದೆ: ಕ್ಯಾಲಿಫೋರ್ನಿಯಾದಲ್ಲಿ ಸುಮಾರು 5,842, ಇಲಿನಾಯ್‌ನಲ್ಲಿ 4,950, ಪೆನ್ಸಿಲ್ವೇನಿಯಾದಲ್ಲಿ 3,070. ಆಗಲೂ ಕ್ಯಾಲಿಫೋರ್ನಿಯಾದವನ ಪಾಲಿಗೆ ಬಿದ್ದ ನಿಜವಾದ ದರವು ಶೇಕಡ 6ಕ್ಕೆ ಮುಟ್ಟಿಲ್ಲ, 13.3ರ ಮಾತು ದೂರವೇ ಉಳಿಯಿತು. ಇದಲ್ಲದೆ ಪೆನ್ಸಿಲ್ವೇನಿಯಾದಲ್ಲಿ ಊರಿನ ಸಭೆಗಳೂ ಶಾಲಾ ಮಂಡಲಿಗಳೂ ದುಡಿಮೆಯ ವರಮಾನದ ಮೇಲೆ ಬೇರೊಂದು ಸಣ್ಣ ತೆರಿಗೆಯನ್ನು ಎತ್ತುತ್ತವೆ. ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ.

ದರದಷ್ಟೇ ಮುಖ್ಯವಾದುದು, ಯಾವುದನ್ನು ವರಮಾನವೆಂದು ಎಣಿಸುತ್ತಾರೆಂಬುದು. ಅಯೋವಾದಲ್ಲಿ 2022ರ ವರೆಗೆ ಮೇಲಿನ ದರವು ಶೇಕಡ 8.53 ಇದ್ದಿತು. ಪಟ್ಟಿಯನ್ನು ನೋಡಿದವರು ಅದನ್ನು ಭಾರವಾದ ತೆರಿಗೆಯ ಸಂಸ್ಥಾನವೆಂದೇ ಎಣಿಸುತ್ತಿದ್ದರು. ಆದರೆ ಕೇಂದ್ರಕ್ಕೆ ಕೊಟ್ಟ ವರಮಾನ ತೆರಿಗೆಯನ್ನು ಸಂಸ್ಥಾನದ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಲು ಅಲ್ಲಿ ಅವಕಾಶವಿದ್ದುದರಿಂದ ನಿಜವಾದ ಭಾರವು ಅದಕ್ಕಿಂತ ಸಾಕಷ್ಟು ಕಡಮೆಯಾಗಿದ್ದಿತು. 2023ರಿಂದ ಆ ವಜಾ ನಿಂತು ದರವು ಹಂತಹಂತವಾಗಿ ಇಳಿಯಿತು. ಹೀಗಾಗಿ ಹಳೆಯ 8.53ನ್ನೂ ಈಚಿನ 3.8ನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವುದು ಸೇರಿನಲ್ಲಿ ಅಳೆದುದನ್ನೂ ಪಾವಿನಲ್ಲಿ ಅಳೆದುದನ್ನೂ ಹೋಲಿಸಿದಂತಾಗುತ್ತದೆ.

ಪೆನ್ಸಿಲ್ವೇನಿಯಾದ ಶೇಕಡ 3.07ರ ಹಿಂದೆಯೂ ಒಂದು ಸಂಗತಿ ಅಡಗಿದೆ. ಅಲ್ಲಿ ವರಮಾನವನ್ನು ಬಗೆಬಗೆಯಾಗಿ ವಿಂಗಡಿಸಿ, ಒಂದು ಬಗೆಯಲ್ಲಿ ಆದ ನಷ್ಟವನ್ನು ಮತ್ತೊಂದು ಬಗೆಯ ವರಮಾನದಲ್ಲಿ ಕಳೆಯಲು ಬಿಡುವುದಿಲ್ಲ. ಮಳೆ ಕೆಟ್ಟು ಬೇಸಾಯದಲ್ಲಿ ನಷ್ಟವಾದ ವರ್ಷ ಅದೇ ರೈತನು ಚಳಿಗಾಲದಲ್ಲಿ ಕಾರ್ಖಾನೆಯಲ್ಲಿ ದುಡಿದು ಸಂಬಳವನ್ನು ತಂದಿದ್ದರೆ ಆ ಸಂಬಳಕ್ಕೆ ಪೂರ್ಣವಾದ ತೆರಿಗೆಯನ್ನು ಸಲ್ಲಿಸಬೇಕು. ಹೆಂಡತಿಯು ಪಾಠಶಾಲೆಯಲ್ಲಿ ಸಂಪಾದಿಸಿದುದಕ್ಕೂ ಹಾಗೆಯೇ. ಇದಕ್ಕೆ ನೇರ ವಿರೋಧವಾದುದು ವಿಸ್ಕಾನ್ಸಿನ್. ಅಲ್ಲಿಯ ಮೇಲಿನ ದರವು 7.65 ಎಂದು ಹಿಂದೆ ಹೇಳಲಾಯಿತು. ಆದರೆ 2011ರ ಕಾಯಿದೆಯಂತೆ, ಆ ಸಂಸ್ಥಾನದಲ್ಲಿಯೇ ಇರುವ ಬೇಸಾಯದ ಜಮೀನಿನಿಂದ ಬಂದ ಉತ್ಪತ್ತಿಯ ವರಮಾನಕ್ಕೆ ಶೇಕಡ 7.5ರಷ್ಟು ಮೊಬಲಗನ್ನು ತೆರಿಗೆಯಲ್ಲಿಯೇ ಮಾಫಿಮಾಡುತ್ತಾರೆ. ಈ ಮಾಫಿಯು 2013ರಿಂದ ಸ್ವಲ್ಪ ಸ್ವಲ್ಪವಾಗಿ ಏರಿ 2016ರಲ್ಲಿ ಪೂರ್ತಿಯಾಯಿತು. ಅಲ್ಲಿಗೆ ಹಾಲು, ಗಿಣ್ಣು, ಮುಸುಕಿನ ಜೋಳಗಳಿಗೆ ಹೆಸರಾದ ಆ ಸೀಮೆಯ ಬೇಸಾಯಗಾರನು ತನ್ನ ಹೊಲದ ಲಾಭಕ್ಕೆ ಸಂಸ್ಥಾನಕ್ಕೆ ಕೊಡುವುದು ಅತ್ಯಲ್ಪವಾಯಿತು. ಪಟ್ಟಿಯು ಇದನ್ನು ಹೇಳುವುದಿಲ್ಲ.

ವಿಸ್ಕಾನ್ಸಿನ್ನಿನ ಹೆಸರು ಬಂದುದರಿಂದ ಸಂಸ್ಥಾನದ ವರಮಾನ ತೆರಿಗೆಯು ಹುಟ್ಟಿದ ಬಗೆಯನ್ನು ಇಲ್ಲಿ ಹೇಳುವುದು ಉಚಿತ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕಾದ ಸಂಸ್ಥಾನಗಳೂ ಊರುಗಳೂ ಹೆಚ್ಚಾಗಿ ಆಸ್ತಿ ತೆರಿಗೆಯನ್ನೇ ನಂಬಿಕೊಂಡಿದ್ದುವು. ಕಾಯಿದೆಯ ಮಾತಿನಂತೆ ಭೂಮಿ, ಮನೆ, ದನಕರು, ಷೇರು, ಸಾಲಪತ್ರ, ಪೆಟ್ಟಿಗೆಯೊಳಗಿನ ಹಣ ಎಲ್ಲವೂ ಒಂದೇ ಬಗೆಯಲ್ಲಿ ತೆರಿಗೆಗೆ ಒಳಪಡಬೇಕಾಗಿತ್ತು. ಅನುಷ್ಠಾನದಲ್ಲಿ ನಡೆದುದೇ ಬೇರೆ. ಪಟ್ಟಣದ ಸಾಹುಕಾರನ ಷೇರುಗಳೂ ಪತ್ರಗಳೂ ಬೆಲೆ ಕಟ್ಟುವವನ ಕಣ್ಣಿಗೆ ಬೀಳುತ್ತಿರಲಿಲ್ಲ. ಹೊಲವೂ ಕೊಟ್ಟಿಗೆಯೂ ಹಸುವೂ ಎಲ್ಲರಿಗೂ ಕಾಣುವಂತೆ ಬಯಲಲ್ಲಿ ನಿಂತಿರುತ್ತಿದ್ದುವು. ಹೀಗಾಗಿ ರೈತನ ಮೇಲೆ ತನ್ನ ಪಾಲಿಗಿಂತ ಹೆಚ್ಚಿನ ಭಾರ ಬೀಳುತ್ತಿದ್ದಿತು. ಈ ಕುಂದನ್ನು ಸರಿಪಡಿಸಬೇಕೆಂದು ವಿಸ್ಕಾನ್ಸಿನ್ನಿನವರು 1908ರಲ್ಲಿ ತಮ್ಮ ಸಂಸ್ಥಾನದ ರಾಜ್ಯಾಂಗವನ್ನು ತಿದ್ದಿ, 1911ರಲ್ಲಿ ವರಮಾನ ತೆರಿಗೆಯ ಕಾಯಿದೆಯನ್ನು ಮಾಡಿದರು. ದರವು ಶೇಕಡ 1ರಿಂದ ಮೊದಲಾಗಿ 6ರ ವರೆಗೆ ಏರುತ್ತಿದ್ದಿತು. ಅದಕ್ಕೆ ಪ್ರತಿಯಾಗಿ ಷೇರು, ಸಾಲಪತ್ರ ಮುಂತಾದ ಕಣ್ಣಿಗೆ ಕಾಣದ ಆಸ್ತಿಗಳನ್ನೂ ಮನೆಯ ಸಾಮಾನುಗಳನ್ನೂ ಆಸ್ತಿ ತೆರಿಗೆಯಿಂದ ಬಿಟ್ಟುಬಿಟ್ಟರು. ಬಂದ ಹಣದಲ್ಲಿ ನೂರಕ್ಕೆ 70 ಭಾಗ ಊರಿಗೆ, 20 ಭಾಗ ಕೌಂಟಿಗೆ, 10 ಭಾಗ ಮಾತ್ರ ಸಂಸ್ಥಾನದ ಬೊಕ್ಕಸಕ್ಕೆ. ಊರಿನಲ್ಲಿ ಚುನಾಯಿತರಾದವರ ಕೈಗೆ ಕೊಡದೆ ಸಂಸ್ಥಾನದ ತೆರಿಗೆ ಆಯೋಗದ ನೌಕರರಿಂದಲೇ ವಸೂಲಿಯ ಕೆಲಸವನ್ನು ನಡೆಯಿಸಿದುದು ಆ ಕಾಯಿದೆಯ ದೊಡ್ಡ ಗುಣ. ಇತರ ಸಂಸ್ಥಾನಗಳಲ್ಲಿ ಅದಕ್ಕೆ ಮುಂಚೆ ಮಾಡಿದ ಪ್ರಯತ್ನಗಳು ಬಹುಮಟ್ಟಿಗೆ ವಸೂಲಿಯ ಸಡಿಲದಿಂದಲೇ ಕೆಟ್ಟುಹೋಗಿದ್ದುವು. ವಿಸ್ಕಾನ್ಸಿನ್ನಿನ ಪ್ರಯೋಗವು ಫಲಿಸಿದುದನ್ನು ಕಂಡು 1916ರಲ್ಲಿ ಮಸಾಚುಸೆಟ್ಸ್, 1919ರಲ್ಲಿ ನ್ಯೂಯಾರ್ಕ್ ಮುಂದೆ ಬಂದುವು. 1930ರ ದಶಕದಲ್ಲಿ ಧಾನ್ಯಗಳ ಬೆಲೆ ನೆಲಕಚ್ಚಿ, ಭೂಮಿಯ ತೆರಿಗೆ ಕಟ್ಟಲಾರದೆ ಒಕ್ಕಲುಗಳು ಜಮೀನು ಕಳೆದುಕೊಳ್ಳುತ್ತಿದ್ದಾಗ ಇನ್ನೂ ಹಲವು ಸಂಸ್ಥಾನಗಳು ಇದೇ ದಾರಿಯನ್ನು ಹಿಡಿದುವು. ಅಯೋವಾ 1934ರಲ್ಲಿ ವರಮಾನ ತೆರಿಗೆಯನ್ನೂ ಮಾರಾಟ ತೆರಿಗೆಯನ್ನೂ ತಂದುದು ಭೂಮಿಯ ಭಾರವನ್ನು ಇಳಿಸುವುದಕ್ಕಾಗಿಯೇ.

ಇದರ ಕಾರಣವು ಸರಳವಾದುದು. ಬೆಳೆ ಬಾರದ ವರ್ಷ ವರಮಾನ ತೆರಿಗೆಯು ತಾನಾಗಿಯೇ ತಗ್ಗುತ್ತದೆ, ಇಲ್ಲವೇ ಇಲ್ಲದೆ ಹೋಗುತ್ತದೆ. ಭೂಮಿಯ ಮೇಲಿನ ತೆರಿಗೆ ಹಾಗಲ್ಲ. ಕಣದಲ್ಲಿ ಕಾಳಿರಲಿ ಇಲ್ಲದಿರಲಿ ಅದು ಗೊತ್ತಾದ ದಿನಕ್ಕೆ ಬಂದು ನಿಲ್ಲುತ್ತದೆ. ನೆಬ್ರಾಸ್ಕಾ ಸಂಸ್ಥಾನದವರು ಇದನ್ನು ಈಚೆಗೆ ಚೆನ್ನಾಗಿ ಅನುಭವಿಸಿದರು. ಅಲ್ಲಿ ಬೇಸಾಯದ ಭೂಮಿಗೆ ಪೇಟೆಯ ಬೆಲೆಯ ಶೇಕಡ 75ರಂತೆ ಬೆಲೆ ಕಟ್ಟಿ ತೆರಿಗೆ ಹಾಕುತ್ತಾರೆ. 2010ರ ಈಚೆಗೆ ಭೂಮಿಯ ಬೆಲೆಯು ವೇಗವಾಗಿ ಏರಿ ತೆರಿಗೆಯೂ ಅದರ ಹಿಂದೆಯೇ ಏರಿತು. 2013ರ ಬಳಿಕ ಮುಸುಕಿನ ಜೋಳದ ಧಾರಣೆಯು ಕುಸಿದಾಗ ತೆರಿಗೆ ಮಾತ್ರ ಕುಸಿಯಲಿಲ್ಲ. 2020ರಲ್ಲಿ ಅಲ್ಲಿಯ ಶಾಸನಸಭೆಯವರು, ಶಾಲೆಗಳಿಗಾಗಿ ಕೊಟ್ಟ ಆಸ್ತಿ ತೆರಿಗೆಯ ಒಂದು ಭಾಗವನ್ನು ವರಮಾನ ತೆರಿಗೆಯ ಲೆಕ್ಕದಲ್ಲಿ ಹಿಂದಕ್ಕೆ ಕೊಡುವ ಏರ್ಪಾಡನ್ನು ಮಾಡಬೇಕಾಯಿತು.

ಹಾಗಾದರೆ ವರಮಾನ ತೆರಿಗೆಯೇ ಇಲ್ಲದ ಟೆಕ್ಸಾಸಿನಲ್ಲಿ ರೈತನ ಗತಿಯೇನು? ಆ ಸಂಸ್ಥಾನದವರು 2019ರ ನವೆಂಬರಿನಲ್ಲಿ ಮತ ತೆಗೆದುಕೊಂಡು, ವ್ಯಕ್ತಿಗಳ ಮೇಲೆ ವರಮಾನ ತೆರಿಗೆಯನ್ನು ಹಾಕಕೂಡದೆಂದು ತಮ್ಮ ರಾಜ್ಯಾಂಗದಲ್ಲಿಯೇ ಬರೆದಿಟ್ಟಿದ್ದಾರೆ. ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಹಣ ಬೇಕಷ್ಟೆ. ಅದು ಶೇಕಡ 6.25ರ ಸಂಸ್ಥಾನದ ಮಾರಾಟ ತೆರಿಗೆಯಿಂದಲೂ, ಅದರ ಮೇಲೆ ಊರುಗಳು ಎತ್ತಬಹುದಾದ ಶೇಕಡ 2ರಿಂದಲೂ, ಎಲ್ಲಕ್ಕೂ ಮಿಗಿಲಾಗಿ ಕೌಂಟಿಗಳೂ ಶಾಲಾ ಮಂಡಲಿಗಳೂ ವಿಧಿಸುವ ಆಸ್ತಿ ತೆರಿಗೆಯಿಂದಲೂ ಬರುತ್ತದೆ. ಇಂತಹ ಕಡೆ ಭೂಮಿಯನ್ನು ಪೇಟೆಯ ಬೆಲೆಯಂತೆ ಎಣಿಸಿದರೆ ಪಟ್ಟಣದ ಸಮೀಪದ ಒಕ್ಕಲು ಒಂದು ವರ್ಷವೂ ನಿಲ್ಲಲಾರದು. ಆದುದರಿಂದ 1966 ಮತ್ತು 1978ನೆಯ ಇಸವಿಗಳ ತಿದ್ದುಪಡಿಗಳ ಮೂಲಕ, ಬೇಸಾಯದ ಭೂಮಿಯು ಮಾರಿದರೆ ಎಷ್ಟು ಬರುವುದೆಂಬುದನ್ನು ಬಿಟ್ಟು ಬೆಳೆದರೆ ಎಷ್ಟು ಬರುವುದೆಂಬುದರ ಮೇಲೆ ಬೆಲೆ ಕಟ್ಟುವ ಪದ್ಧತಿಯನ್ನು ತಂದರು. ಹಿಂದಿನ 7 ವರ್ಷಗಳಲ್ಲಿ 5 ವರ್ಷ ಬೇಸಾಯ ನಡೆದಿರಬೇಕು. ಆಮೇಲೆ ಜಮೀನನ್ನು ಮನೆಕಟ್ಟುವ ನಿವೇಶನವಾಗಿ ಮಾರ್ಪಡಿಸಿದರೆ ಹಿಂದಿನ 3 ವರ್ಷಗಳ ತೆರಿಗೆಯ ವ್ಯತ್ಯಾಸವನ್ನು ಕಟ್ಟಬೇಕು. ಜೇನು ಸಾಕುವುದನ್ನೂ, ಜಮೀನು 5 ಎಕರೆಗೆ ಕಡಮೆಯಿಲ್ಲದೆ 20 ಎಕರೆಗೆ ಮೀರದೆ ಇದ್ದರೆ, ಬೇಸಾಯವೆಂದೇ ಎಣಿಸುತ್ತಾರೆ. ಪಟ್ಟಣದಲ್ಲಿ ಉದ್ಯೋಗ ಮಾಡುತ್ತ ಹಳ್ಳಿಯಲ್ಲಿ ಸ್ವಲ್ಪ ಭೂಮಿಯನ್ನು ಕೊಂಡವರು ತೆರಿಗೆಯ ಭಯದಿಂದಲೇ ಜೇನುಪೆಟ್ಟಿಗೆಗಳನ್ನು ಇಡುವುದುಂಟು. ಜೇನಿಗೆ ಇದರಿಂದ ನಷ್ಟವೇನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿಯೂ 1965ರ ಕಾಯಿದೆಯೊಂದರಂತೆ, ಭೂಮಿಯನ್ನು ಕಡಮೆಯೆಂದರೆ 10 ವರ್ಷ ಬೇಸಾಯದಲ್ಲಿಯೇ ಇಡುವೆನೆಂದು ಕರಾರು ಬರೆದುಕೊಟ್ಟವನಿಗೆ ಇದೇ ಬಗೆಯ ರಿಯಾಯಿತಿಯುಂಟು.

ಬೇಸಾಯಗಾರನ ಹಿತಕ್ಕೆಂದು ದರವನ್ನು ಇಳಿಸಿ, ಕಡೆಗೆ ಸೊನ್ನೆಗೇ ತಂದ ಸಂಸ್ಥಾನವೂ ಒಂದುಂಟು. ಅದು ಗೋದಿಯ ಸೀಮೆಯಾದ ಕ್ಯಾನ್ಸಸ್. 2012ರಲ್ಲಿ ಅಲ್ಲಿಯ ಗವರ್ನರಾಗಿದ್ದ ಸ್ಯಾಮ್ ಬ್ರೌನ್‌ಬ್ಯಾಕ್ ಎಂಬವರು ಒಕ್ಕಲುತನದ ಮನೆಯವರು. ಹಿಂದೆ ಆ ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಸ್ಥರೂ ಆಗಿದ್ದವರು. ಅವರು ಆ ವರ್ಷ ರುಜು ಹಾಕಿದ ಕಾಯಿದೆಯು ಮೇಲಿನ ದರವನ್ನು ಶೇಕಡ 6.45ರಿಂದ 4.9ಕ್ಕೆ ಇಳಿಸಿದುದಲ್ಲದೆ, ಸ್ವಂತ ವ್ಯಾಪಾರ, ಪಾಲುಗಾರಿಕೆ, ಬೇಸಾಯ ಇವುಗಳ ಲಾಭವನ್ನು 2013ರಿಂದ ಪೂರ್ತಿಯಾಗಿ ತೆರಿಗೆಯಿಂದ ಬಿಟ್ಟಿತು. ಇದರಿಂದ ಉದ್ಯಮಗಳು ಬೆಳೆದು ಸಂಸ್ಥಾನದ ಬೊಕ್ಕಸವು ಬೇರೆ ದಾರಿಗಳಿಂದ ತುಂಬುವುದೆಂದು ನಂಬಿದ್ದರು.

ಕೂಲಿಯವನು ತೆರಿಗೆ ಕೊಡುವುದೂ ಹೊಲದ ಯಜಮಾನನು ಕೊಡದಿರುವುದೂ ನ್ಯಾಯವೇ ಎಂಬ ಪ್ರಶ್ನೆಯು ಮೊದಲೇ ಎದ್ದಿತ್ತು. ಎಣಿಸಿದುದಕ್ಕಿಂತ ಬಹು ಹೆಚ್ಚಿನ ಮಂದಿ ತಮ್ಮ ಸಂಪಾದನೆಯನ್ನು ವ್ಯಾಪಾರದ ಲಾಭವೆಂದು ತೋರಿಸಿ ಈ ಬಿಡುಗಡೆಯನ್ನು ಪಡೆದುಕೊಂಡರು. ಒಂದೇ ವರ್ಷದಲ್ಲಿ ಸಂಸ್ಥಾನದ ಹುಟ್ಟುವಳಿಯು ಸುಮಾರು 70 ಕೋಟಿ ಡಾಲರುಗಳಷ್ಟು ಇಳಿಯಿತು. ಕೊರತೆಯನ್ನು ತುಂಬಲು ರಸ್ತೆಗಳಿಗೆಂದು ಇಟ್ಟ ಹಣವನ್ನು ತೆಗೆದರು. 2015ರಲ್ಲಿ ಮಾರಾಟ ತೆರಿಗೆಯನ್ನು ಶೇಕಡ 6.15ರಿಂದ 6.5ಕ್ಕೆ ಏರಿಸಿದರು. ಆ ತೆರಿಗೆಯು ಆಗ ಆಹಾರ ಪದಾರ್ಥಗಳಿಗೂ ಪೂರ್ತಿಯಾಗಿ ಬೀಳುತ್ತಿದ್ದುದರಿಂದ, ಬಿಟ್ಟ ತೆರಿಗೆಯ ಒಂದು ಭಾಗವು ಹೀಗೆ ಅಡಿಗೆಮನೆಯ ದಾರಿಯಿಂದ ಹಿಂದಿರುಗಿ ಬಂದಿತು. ಶಾಲೆಗಳಿಗೆ ಕೊಡುವ ಹಣವು ಸಾಲದೆಂದು 2017ರಲ್ಲಿ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯದವರು ತೀರ್ಪನ್ನು ಕೊಟ್ಟರು.

ಬೇಸಾಯಗಾರರಿಗೆ ನೇರವಾಗಿ ತಟ್ಟಿದ ವಿಷಯವೊಂದು ಇದರಲ್ಲಿ ಅಡಗಿದ್ದಿತು. ಬೇಸಾಯದ ಲಾಭವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕಾಯಿದೆಯು ಬೇಸಾಯದ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆಲೆ ಚೆನ್ನಾಗಿದ್ದ ವರ್ಷ ಇದು ಯಾರಿಗೂ ನೋವಾಗಲಿಲ್ಲ. ಆದರೆ 2015ರ ಹೊತ್ತಿಗೆ ಗೋದಿಯೂ ಮುಸುಕಿನ ಜೋಳವೂ ಧಾರಣೆ ಇಳಿದು, ಅನೇಕ ಒಕ್ಕಲುಗಳ ಲೆಕ್ಕವು ನಷ್ಟದಲ್ಲಿ ನಿಂತಾಗ, ಮನೆಯವರೊಬ್ಬರು ಹೊರಗೆ ದುಡಿದು ತಂದ ಸಂಬಳದಲ್ಲಿ ಆ ನಷ್ಟವನ್ನು ಕಳೆಯಲು ಸಂಸ್ಥಾನದ ಲೆಕ್ಕದಲ್ಲಿ ಅವಕಾಶವಿರಲಿಲ್ಲ. ಕೇಂದ್ರದ ಲೆಕ್ಕದಲ್ಲಿ ತೆರಿಗೆಯೇ ಇಲ್ಲದ ಕುಟುಂಬವು ಕ್ಯಾನ್ಸಸಿಗೆ ತೆರಿಗೆ ಕೊಡಬೇಕಾಗಿ ಬರಬಹುದಾಗಿತ್ತು. ಸೊನ್ನೆಯ ದರದ ಹೆಸರಿನಲ್ಲಿ ಸಂಬಳದ ಮೇಲೆ ಹೊರೆ ಬಿದ್ದ ಈ ವಿಚಿತ್ರವನ್ನು ಯಾವ ಪಟ್ಟಿಯೂ ತೋರಿಸಲಿಲ್ಲ. 2017ರ ಜೂನ್ ತಿಂಗಳಲ್ಲಿ ಶಾಸನಸಭೆಯ ಎರಡು ಮನೆಗಳೂ ಗವರ್ನರ ನಿರಾಕರಣೆಯನ್ನು ಮೀರಿ ಈ ಬಿಡುಗಡೆಯನ್ನು ರದ್ದುಮಾಡಿ, 2018ಕ್ಕೆ ಮೇಲಿನ ದರವನ್ನು ಶೇಕಡ 5.7 ಎಂದು ಗೊತ್ತುಮಾಡಿದುವು. ಅದರೊಂದಿಗೆ ನಷ್ಟವನ್ನು ಕಳೆಯುವ ಹಕ್ಕೂ ರೈತರಿಗೆ ಹಿಂದಿರುಗಿತು. 2024ರಲ್ಲಿ ದರಗಳನ್ನು ಮತ್ತೆ ತಿದ್ದಿ 5.2 ಮತ್ತು 5.58 ಎಂಬ ಎರಡು ಮೆಟ್ಟಿಲುಗಳನ್ನಷ್ಟೇ ಉಳಿಸಿದರು.

ಬೇಸಾಯದ ವರಮಾನವು ವರ್ಷದಿಂದ ವರ್ಷಕ್ಕೆ ಏರಿಳಿಯುವಂತಹದಾದುದರಿಂದ, ಏರುವ ದರವಿರುವ ಸಂಸ್ಥಾನಗಳಲ್ಲಿ ಇನ್ನೊಂದು ತೊಂದರೆಯುಂಟು. ಎರಡು ವರ್ಷ ಏನೂ ಬಾರದೆ ಮೂರನೆಯ ವರ್ಷ ಮೂರು ವರ್ಷದ ಬೆಳೆಯ ಹಣವೂ ಒಟ್ಟಿಗೆ ಕೈಸೇರಿದರೆ, ಪ್ರತಿವರ್ಷವೂ ಸಮವಾಗಿ ಸಂಬಳ ಪಡೆಯುವವನಿಗಿಂತ ರೈತನು ಮೇಲಿನ ಮೆಟ್ಟಿಲಿಗೆ ಏರಿ ಹೆಚ್ಚು ತೆರಿಗೆಯನ್ನು ಕೊಡಬೇಕಾಗುತ್ತದೆ. ಇದನ್ನು ತಪ್ಪಿಸಲು ಕೇಂದ್ರ ಸರ್ಕಾರದವರು 1998ರಿಂದ, ಒಳ್ಳೆಯ ವರ್ಷದ ಬೇಸಾಯದ ವರಮಾನವನ್ನು ಹಿಂದಿನ 3 ವರ್ಷಗಳಿಗೆ ಹಂಚಿ ಆ ವರ್ಷಗಳ ದರದಂತೆ ತೆರಿಗೆಯನ್ನು ಕಟ್ಟಲು ರೈತರಿಗೆ ಅನುಮತಿಯನ್ನು ಕೊಟ್ಟಿದ್ದಾರೆ. ಸಂಸ್ಥಾನಗಳಲ್ಲಿ ಎಲ್ಲವೂ ಇದನ್ನು ಒಪ್ಪಿಲ್ಲ. ಮೇಲಿನ ದರವು ಶೇಕಡ 9.9 ಇರುವ ಓರೆಗಾನ್ ಒಪ್ಪಿದೆ. ಹಣ್ಣಿನ ತೋಟಗಳೂ ಹುಲ್ಲಿನ ಬೀಜದ ಬೆಳೆಯೂ ಹೆಚ್ಚಾಗಿರುವ ಆ ಸಂಸ್ಥಾನದಲ್ಲಿ ಇದಕ್ಕಾಗಿ ಪ್ರತ್ಯೇಕವಾದ ನಮೂನೆಯುಂಟು. ಅಯೋವಾದಲ್ಲಿ 2023ರಿಂದ, 55 ವರ್ಷ ದಾಟಿ ಬೇಸಾಯವನ್ನು ಬಿಟ್ಟ ರೈತನು ತನ್ನ ಜಮೀನನ್ನು ಇನ್ನೊಬ್ಬನಿಗೆ ಗುತ್ತಿಗೆ ಕೊಟ್ಟರೆ ಆ ಗುತ್ತಿಗೆಯ ಹಣವನ್ನು, ಗೊತ್ತಾದ ನಿಬಂಧನೆಗಳಿಗೆ ಒಳಪಟ್ಟು, ತೆರಿಗೆಯಿಂದ ಬಿಡಿಸಿಕೊಳ್ಳಬಹುದು.